ಲಿಫ್ಟಿಗೆ ಕಟ್ಟಿದ ಕದಿರು

2009ರ ನವರಾತ್ರಿ, ಬೆಳಗಿನ ಐದು ಗಂಟೆ. ಬಿಜೂರು ಬಿಟ್ಟು ಕುಂದಾಪುರದ ಫ್ಲ್ಯಾಟಿಗೆ ಬಂದ ಮೇಲೆ ನಮ್ಮ ಮೊದಲ ಹೊಸ್ತು, ಹೊಸ ಬೆಳೆಯ ಹಬ್ಬ. “ಹೊಸ್ತ್ ಸಮಾ ಆದ್ರೆ ಮಾತ್ರ ನಾನಿಲ್ಲಿ ಇರ್ತೆ” ಎಂದಿದ್ದಳು ಹೆಂಡತಿ ಕುಸುಮ. ಆ ದಿನ ಹೊಸ ಭತ್ತದ ಕದಿರನ್ನು ಮನೆಯ ಎಲ್ಲದಕ್ಕೂ ಕಟ್ಟಬೇಕು. ನಾನು ಕಟ್ಟಡದ ಹನ್ನೆರಡು ಮನೆಗಳ ಬಾಗಿಲಿಗೂ, ನೀರಿನ ಪಂಪಿಗೂ, ಲಿಫ್ಟಿಗೂ ಕಟ್ಟಿದೆ.

“ಹ್ವಾಯ್ ಕುಷ್ಟಣ್ಣ, ಲಿಫ್ಟಿಗೂ ಹೊಸ್ತಾ ಮರಾಯ್ರೆ?” ಫ್ಲ್ಯಾಟಿನವರ ಸಂಘದ ಅಧ್ಯಕ್ಷ ಕೃಷ್ಣಯ್ಯ ನನ್ನನ್ನು ನೋಡಿ ನಕ್ಕರು.

“ಎಲ್ಲ ಒಂದೇ ಮಾಡಿನಡಿ ಇಪ್ಪುದಲ್ದಾ, ಅಯ್ಯ?”

“ಬಾಗ್ಲ್ ಹೊರ್ಗೆ ಎಂತದೂ ಕಟ್ಟೂಕಾಗ. ನಿಯಮದ ಪುಸ್ತಕ ಓದ್ಲಿಲ್ಯಾ? ಸಂಜೆಯೊಳ್ಗೆ ಬಿಚ್ಚಿ.”

ಪುಸ್ತಕ ಟಿವಿಯ ಕೆಳಗೇ ಇತ್ತು. ನನ್ನ ಎರಡನೇ ಕ್ಲಾಸಿನ ಓದಿಗೆ ಅದು ದಕ್ಕಿರಲಿಲ್ಲ.

ಕಟ್ಟಿದ ಕದಿರು ಮುಂದಿನ ಹೊಸ್ತಿನವರೆಗೆ ಇರಬೇಕು. ಮೊಣಕಾಲು ನೋಯುತ್ತಿದ್ದರೂ ಒಂದೊಂದೇ ಬಿಚ್ಚಿದೆ. ಕುಸುಮ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡಳು. ವಿಜಯದಶಮಿಯ ಸೋಮವಾರ ಅವಳು ಕದಿರು ಹಿಡಿದು ಬಿಜೂರಿನ ತನ್ನ ಅಣ್ಣನ ಮನೆಗೆ ಹೋದಳು.