ಎಡಮೂಲೆಯವನು

ಬ್ಯಾಸ್ಕೆಟ್‌ಬಾಲ್ ಆಡಲು ಐದು ಜನ ಸಾಕು. ಆ ವರ್ಷ ನಮ್ಮ ಕಾಲೇಜಿನ ತಂಡ ಆರು ಜನರನ್ನಿಟ್ಟುಕೊಂಡು ಆಡಿತು, ಅದಕ್ಕೇ ಸೋತಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆರನೆಯವನು ನನ್ನ ಅಣ್ಣ. ಸೀಸನ್ ಶುರುವಾಗುವ ಮೊದಲೇ ಬೈಕಿನಿಂದ ಬಿದ್ದು ಸತ್ತುಹೋಗಿದ್ದ.

ಅಣ್ಣ ನಿಲ್ಲುತ್ತಿದ್ದದ್ದು ಕೋರ್ಟಿನ ಎಡಮೂಲೆಯಲ್ಲಿ. ನಮ್ಮ ಕ್ಯಾಪ್ಟನ್‌ಗೆ ಉದ್ದ ಕಾಲು, ಹಾಗಾಗಿ ಕೊಕ್ಕರೆ ಎಂದೇ ಹೆಸರು. ಅವನು ತಿರುಗಿಯೂ ನೋಡದೆ ಚೆಂಡನ್ನು ಆ ಮೂಲೆಗೆ ಎಸೆಯುತ್ತಿದ್ದ, ಅಣ್ಣ ಹಿಡಿದು ಬುಟ್ಟಿಗೆ ಹಾಕುತ್ತಿದ್ದ. ಒಂದು ಚೆಂಡನ್ನೂ ಬಿಟ್ಟವನಲ್ಲ. ಈಗ ಕೋಚ್ ನನ್ನನ್ನು ಅದೇ ಮೂಲೆಯಲ್ಲಿ ನಿಲ್ಲಿಸಿದರು, ಅವನದೇ ಅಂಗಿ ಕೊಟ್ಟರು. ನಾನು ಅಣ್ಣನಿಗಿಂತ ಒಂದು ಗೇಣು ಗಿಡ್ಡ. ಚೆಂಡು ಅವನ ಎದೆಗೆ ಬರುತ್ತಿತ್ತು, ಅಂದರೆ ನನ್ನ ಮೂಗಿಗೆ.

"ಕೆಳಗೆ ಎಸೆಯೋ! ನನ್ನ ಮೂಗೇನು ಬಿಟ್ಟಿ ಬಿದ್ದಿದೆಯಾ?" ಎಂದು ರೇಗಿದೆ.

ಕೊಕ್ಕರೆ ಕಕ್ಕಾಬಿಕ್ಕಿಯಾದ. "ಸರಿಯಾಗೇ ಎಸೆದೆನಲ್ಲೋ."

ಮನೆಯಲ್ಲೂ ಅದೇ ಹಾಡು. ಅಮ್ಮ ಟೈಲರ್. ಯಾರ ಬಟ್ಟೆ ಎಷ್ಟು ಸಡಿಲ ಎಂದು ಕಣ್ಣಳತೆಯಲ್ಲೇ ಹೇಳುವವಳು. ಅಣ್ಣನ ಅಂಗಿ ನನ್ನ ತೊಡೆಯವರೆಗೆ ಜೋತುಬಿದ್ದಿತ್ತು.

"ಅಮ್ಮಾ, ಇದನ್ನ ಸ್ವಲ್ಪ ಹಿಡಿದು ಹೊಲಿದುಕೊಡು."

ಹೊಲಿಗೆ ಯಂತ್ರದಿಂದ ತಲೆಯೆತ್ತಿ ನೋಡಿದಳು. "ಅಳತೆ ಸರಿಯಾಗೇ ಇದೆಯಲ್ಲೋ ದೊಡ್ಡೋನೆ."

ದೊಡ್ಡೋನು ಅಂದರೆ ಅಣ್ಣ. ನಾನು ಚಿಕ್ಕೋನು. ಅಣ್ಣ ಹೋದಾಗಿನಿಂದ ನನ್ನ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಮೊದಮೊದಲು ತಿದ್ದಿದೆ. ತಿದ್ದಿದಾಗಲೆಲ್ಲ ಊಟ ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದಳು. ಆಮೇಲೆ ದೊಡ್ಡೋನೆ ಎಂದರೂ ಓಗೊಡತೊಡಗಿದೆ. ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸತ್ತವನ ಜೊತೆ ಜಗಳವಾಡಲು ಆಗುತ್ತದೆಯೇ? ಅವಳು ಒಂದೇ ಒಂದು ಸಲ ನನ್ನನ್ನು ನಾನೆಂದು ಕರೆದಿದ್ದರೆ ಸಾಕಿತ್ತು.

ಸೀಸನ್ ನಡುವಿನ ಒಂದು ಪಂದ್ಯದಲ್ಲಿ ನಾನು ಮೂಲೆ ಬಿಟ್ಟು ಬಲಕ್ಕೆ ಓಡಿದೆ. ನನ್ನನ್ನು ತಡೆಯಬೇಕಾಗಿದ್ದ ಎದುರಾಳಿ ಹುಡುಗ ಹಿಂದೆ ಬರಲೇ ಇಲ್ಲ. ಖಾಲಿ ಎಡಮೂಲೆಯಲ್ಲಿ ಕೈ ಅಗಲಿಸಿಕೊಂಡು ಅತ್ತಿತ್ತ ಹೆಜ್ಜೆ ಹಾಕುತ್ತಿದ್ದ. ಅವನು ಎಲ್ಲಿಯೋ ದೂರದ ಕಾಲೇಜಿನವನು, ಅಣ್ಣನನ್ನು ಕಂಡವನೇ ಅಲ್ಲ. ಪಂದ್ಯ ಮುಗಿದ ಮೇಲೆ ಕೈ ಕುಲುಕುತ್ತಾ ಕೇಳಿದ:

"ನಿಮ್ಮ ಆ ಎತ್ತರದ ಹುಡುಗ ಎಲ್ಲಿ? ಸಾಕುಸಾಕು ಮಾಡಿಬಿಟ್ಟ ಕಣಪ್ಪ."

ಪಕ್ಕದಲ್ಲಿದ್ದ ಕೊಕ್ಕರೆ ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದ. ಕೋಚ್‌ಗೆ ಹೇಳಬೇಕಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇಬ್ಬರೂ ಬಸ್ಸು ಹತ್ತಿದೆವು.

ಕೊನೆಯ ಪಂದ್ಯಕ್ಕೆ ಅಮ್ಮ ಬಂದಳು, ಅಣ್ಣ ಹೋದ ಮೇಲೆ ಮೊದಲ ಸಲ. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಎಡಮೂಲೆಯ ಎದುರಿನ ಮೆಟ್ಟಿಲ ಮೇಲೆ ಕೂತು ಅಲ್ಲೇ ಕಣ್ಣು ನೆಟ್ಟಳು. ನನಗೆ ಮೈಯೆಲ್ಲ ಉರಿಯಿತು. ಇವತ್ತು ಆ ಮೂಲೆಗೆ ಕಾಲಿಡುವುದಿಲ್ಲ, ನನ್ನನ್ನು ಹೇಗೆ ನೋಡುವುದಿಲ್ಲವೋ ನೋಡಿಯೇಬಿಡೋಣ ಎಂದುಕೊಂಡೆ. ಕೋಚ್ ಗಂಟಲು ಹರಿಯುವಂತೆ ಬೈದರೂ ಅತ್ತ ಹೋಗಲಿಲ್ಲ. ಅಮ್ಮನೂ ಮೂಲೆಯಿಂದ ಕಣ್ಣು ಕೀಳಲಿಲ್ಲ.

ಪಂದ್ಯ ಮುಗಿಯುವ ಹೊತ್ತು. ನಾವು ಒಂದೇ ಅಂಕ ಹಿಂದೆ. ಬುಟ್ಟಿಯ ಕೆಳಗೆ ನಾನೊಬ್ಬನೇ.

"ಕೊಕ್ಕರೆ, ಇಲ್ಲಿ! ಇಲ್ಲಿ ನೋಡೋ!"

ನನ್ನನ್ನು ತಡೆಯಬೇಕಾದವನು, ಇವನೂ ಹೊಸಬನೇ, ಎಡಮೂಲೆಯಲ್ಲಿ ಕೈ ಅಗಲಿಸಿ ನಿಂತಿದ್ದ. ಕೊಕ್ಕರೆ ನನ್ನತ್ತ ತಿರುಗಲಿಲ್ಲ. ಎಡಕ್ಕೆ ಎಸೆದ. ಚೆಂಡು ಅಣ್ಣನ ಎದೆಯೆತ್ತರದಲ್ಲಿ ನೇರ ಹೋಗಿ, ಗೆರೆ ದಾಟಿ, ಗೋಡೆಗೆ ಬಡಿಯಿತು. ಸೀಟಿ ಊದಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೊಕ್ಕರೆ ಅಲ್ಲೇ ಕುಸಿದ. "ಕೈ ತೋರಿಸಿದ ಕಣೋ. ನಿಮ್ಮಣ್ಣ ಕೈ ತೋರಿಸಿದ," ಎಂದು ಬಿಕ್ಕಿದ. ಬೈಯಲೆಂದೇ ಓಡಿದವನು ಅವನ ತಲೆ ಮೇಲೆ ಕೈಯಿಟ್ಟು ನಿಂತೆ.

ಅಮ್ಮ ಮೆಟ್ಟಿಲಿಳಿದು ಮೂಲೆಗೆ ಹೋದಳು. ಚೆಂಡು ಬಡಿದ ಗೋಡೆಯನ್ನು ಅಂಗೈಯಲ್ಲಿ ಮುಟ್ಟಿ ನೋಡಿದಳು.

"ಹಿಡೀಲಿಲ್ಲ," ಎಂದಳು. "ಒಂದು ಸಲಾನೂ ಬಿಟ್ಟೋನಲ್ಲ ಅವನು. ಹಿಡೀಲೇ ಇಲ್ಲ."

ಆಮೇಲೆ ನನ್ನ ಹತ್ತಿರ ಬಂದು, ಅಂಗಡಿಗೆ ಬಂದ ಗಿರಾಕಿಯನ್ನು ನೋಡುವ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದಳು. ಭುಜದ ಹತ್ತಿರ ಅಂಗಿಯನ್ನು ಬೆರಳಲ್ಲಿ ಹಿಡಿದಳು.

"ಇದು ನಿನಗೆ ಇಷ್ಟು ದೊಡ್ಡದಾಗಿದೆಯಲ್ಲೋ ಚಿಕ್ಕೋನೆ. ಯಾಕೋ ಹೇಳಲಿಲ್ಲ?"

ಹೇಳಿದ್ದೆ. ಅಮ್ಮ ಕುತ್ತಿಗೆಯ ಟೇಪು ತೆಗೆದು, ಅಲ್ಲೇ, ಎಲ್ಲರ ಎದುರು, ನನ್ನ ಬೆನ್ನಿಗೆ ಹಿಡಿದಳು. ಎಡಮೂಲೆಯಲ್ಲಿ ಚೆಂಡು ಒಮ್ಮೆ ಪುಟಿದ ಸದ್ದಾಯಿತು. ಅವಳ ಬೆರಳುಗಳು ನಿಂತವು. ತಿರುಗಿ ನೋಡುತ್ತಾಳೆ ಎಂದುಕೊಂಡೆ. ನೋಡಲಿಲ್ಲ. ಮೂಗು ಒರೆಸಿಕೊಂಡು, ನೆಟ್ಟಗೆ ನಿಲ್ಲು ಎಂದು ಗದರಿ, ನನ್ನ ಅಳತೆ ತೆಗೆದುಕೊಂಡಳು.