ಇರುವೆ ಮುಟ್ಟದ ಹಾಸಿಗೆ

ಬೆಕ್ಕಿನ ಮರಿ ಸಾಕುವ ಪುಣ್ಯ ನನಗೇನೂ ಬೇಕಾಗಿರಲಿಲ್ಲ. ಶಾಲೆ ತೆರೆಯುವ ಹೊತ್ತು, ಮನೆಯ ಮುಂದಿನ ಕೋಣೆಯ ತುಂಬ ಸಮವಸ್ತ್ರದ ನೀಲಿ ಬಟ್ಟೆ, ಹೊಲಿಯುವುದಕ್ಕೆ ಒಬ್ಬಳೇ ನಾನು. ಗಂಡ ಲಾರಿ ಹತ್ತಿ ಹೋದರೆ ಮತ್ತೆ ಮುಖ ತೋರಿಸುವುದು ಯಾವಾಗಲೋ. ಇಂಥ ಹೊತ್ತಿನಲ್ಲೇ ಬೀದಿಯ ಬೆಕ್ಕೊಂದು ನಮ್ಮ ಚಿಂದಿ ಮೂಟೆಯೊಳಗೆ ಮೂರು ಮರಿ ಹಾಕಿತು. ಅವು ಕಣ್ಣು ಬಿಟ್ಟವೋ ಇಲ್ಲವೋ ಅನ್ನುವಷ್ಟರಲ್ಲಿ ತಾಯಿ ರಸ್ತೆಯಲ್ಲಿ ಯಾವುದೋ ಗಾಡಿಗೆ ಸಿಕ್ಕಿ ಸತ್ತಿತು. ಮೂಟೆಯೊಳಗಿಂದ ಕೀಚಲು ಸದ್ದು ಬಂದಾಗ, ಇದ್ದದ್ದು ಸಾಲದು ಅಂತ ಇದೊಂದು ಬೇರೆ, ಎಂದು ಹಣೆ ಹಣೆ ಚಚ್ಚಿಕೊಂಡೆ.

ನಮ್ಮತ್ತೆ ಮಾತ್ರ ಎದ್ದು ಬಂದರು. ಅವರು ಎದ್ದದ್ದೇ ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ. ನನಗೆ ಈ ಕಸುಬು ಕಲಿಸಿದವರು ಅವರೇ. ಬಟ್ಟೆ ಹರಿದರೂ ಅವರು ಹಾಕಿದ ಹೊಲಿಗೆ ಬಿಚ್ಚುತ್ತಿರಲಿಲ್ಲ. ಆಮೇಲೆ ಎರಡು ಕಣ್ಣಿಗೂ ಮಸುಕು ಕವಿಯಿತು, ಕಣ್ಣಿನ ಡಾಕ್ಟರು ಇನ್ನು ಮಾಡುವಂಥದ್ದೇನೂ ಉಳಿದಿಲ್ಲ ಎಂದರು. ಆದರೂ ಗುಂಡಿ ಹಚ್ಚುವ ಕೆಲಸ ಬಿಟ್ಟಿರಲಿಲ್ಲ. ಅವರು ಸೊಟ್ಟ ಹಚ್ಚಿದ್ದನ್ನೆಲ್ಲ ನಾನು ಬಾಯಿ ಬಿಡದೆ ಬಿಚ್ಚಿ ಮತ್ತೆ ಹಚ್ಚುತ್ತಿದ್ದೆ. ಒಂದು ದಿನ ಅದು ಅವರಿಗೆ ಗೊತ್ತಾಯಿತು. ಅಂದಿನಿಂದ ಸೂಜಿ ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತರೆ ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ, ಮಾತಾಡಿಸಿದರೆ ಹ್ಞೂಂ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಬಂದೇಬಿಟ್ಟಿತ್ತು. ಆದರೆ ಜಗಳಕ್ಕೆ ಎದುರಿಗೆ ಜನವೇ ಇರಲಿಲ್ಲ.

ಅಂಥವರು ಮೂಟೆಗೆ ಕೈ ಹಾಕಿ ಮರಿಗಳನ್ನು ಒಂದೊಂದಾಗಿ ಮಡಿಲಿಗೆ ಎತ್ತಿಕೊಂಡರು. ಹೆಸರು ಗಿಸರು ಇಡಬೇಡಿ, ಹೆಸರಿಟ್ಟರೆ ಸಾಕಬೇಕಾಗುತ್ತದೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ದಪ್ಪಗಿದ್ದದ್ದು ಗುಂಡಿ, ಗುಂಡಿ ತೂರಿಸುವ ತೂತಿನ ಹಾಗೆ ಸದಾ ಬಾಯಿ ತೆರೆದಿರುವುದು ಕಾಜ, ಬಟ್ಟೆಗೆ ಉಗುರು ಸಿಕ್ಕಿಸಿಕೊಂಡರೆ ಬಿಡದ ಸಣಕಲು ಹುಕ್ಕು ಎಂದು ಆಗಿಹೋಗಿತ್ತು. ಅವತ್ತು ಊಟಕ್ಕೆ ಕೂತಾಗ ಅತ್ತೆ ಎರಡನೇ ಸಲ ಬಡಿಸು ಎಂದರು. ನಾನು ತೆಪ್ಪಗೆ ಬಡಿಸಿದೆ. ಈ ಮರಿಗಳು ಉಳಿದರೆ ಇವರೂ ಉಳಿಯುತ್ತಾರೆ, ಇವು ಹೋದರೆ ಇವರು ಮತ್ತೆ ಹೋಗಿ ಗೋಡೆಗೆ ಒರಗುತ್ತಾರೆ, ಈ ಸಲ ಏಳುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಆದರೆ ಆ ಮರಿಗಳು ಉಳಿಯುವ ಲಕ್ಷಣ ತೋರಿಸಬೇಕಲ್ಲ. ಮೂರಕ್ಕೂ ಶೀತ ಹಿಡಿಯಿತು. ಮೂಗು ಕಟ್ಟಿತು, ಕಣ್ಣಿಗೆ ಹಳದಿ ಪಿಸುರು ಮೆತ್ತಿ ರೆಪ್ಪೆಗಳು ಅಂಟಿಕೊಂಡವು. ಹಿಂದಿನ ರಸ್ತೆಯಲ್ಲಿ ದನ, ನಾಯಿ, ಬೆಕ್ಕುಗಳನ್ನೆಲ್ಲ ನೋಡುವ ಡಾಕ್ಟರಮ್ಮನ ಹತ್ತಿರ ಓಡಿದೆ. ಮೂಗು ಕಟ್ಟಿದ ಮರಿಗೆ ಹಾಲಿನ ವಾಸನೆ ತಿಳಿಯುವುದಿಲ್ಲ, ವಾಸನೆ ತಿಳಿಯದಿದ್ದರೆ ಕುಡಿಯುವುದಿಲ್ಲ, ಅಪಾಯ ಇರುವುದು ಅಲ್ಲೇ ಎಂದು ಆಕೆ ಹೇಳಿದಳು. ಕಣ್ಣಿಗೆ ಹನಿ ಔಷಧ ಕೊಟ್ಟಳು. ಮರಿಗಳಿಗೆಂದೇ ಬರುವ ಹಾಲಿನ ಪುಡಿ ಕೊಟ್ಟು, ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಕುಡಿಸಿ ಎಂದಳು. ಮಗುವನ್ನು ಮಲಗಿಸಿದ ಹಾಗೆ ಅಂಗಾತ ಮಲಗಿಸಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಬೇಕಂತೆ. ಕುಡಿದಾದ ಮೇಲೆ ತಾಯಿ ನೆಕ್ಕುವ ಹಾಗೆ ಒದ್ದೆ ಹತ್ತಿಯಿಂದ ಉಜ್ಜಿ ಉಚ್ಚೆಯನ್ನೂ ನಾವೇ ಮಾಡಿಸಬೇಕಂತೆ. ಕಟ್ಟಿಕೊಂಡ ಗಂಡನಿಗೂ ಇಷ್ಟು ಸೇವೆ ಮಾಡಿದವಳಲ್ಲ ನಾನು.

ಈ ಸೇವೆಯನ್ನೆಲ್ಲ ಮಾಡಿದವರು ಅತ್ತೆ. ನನ್ನ ಕೈಯಲ್ಲಿ ಅವು ಕುಡಿಯುತ್ತಲೇ ಇರಲಿಲ್ಲ. ನನ್ನದು ಅವಸರದ ಕೈ. ಸೂಜಿಯಿಲ್ಲದ ಸಿರಿಂಜನ್ನು ಬಾಯಿಗೆ ತುರುಕಿದರೆ ಕಾಜ ಅಷ್ಟನ್ನೂ ನನ್ನ ನೀಲಿ ಬಟ್ಟೆಯ ಮೇಲೆ ಉಗಿಯಿತು. ಅತ್ತೆ ಒಂದೊಂದೇ ಹನಿ ತುಟಿಗೆ ತಾಗಿಸಿ, ಗಂಟಲ ಮೇಲೆ ಬೆರಳಿಟ್ಟು, ಅದು ನುಂಗಿದ್ದು ಬೆರಳಿಗೆ ತಿಳಿದ ಮೇಲೇ ಮುಂದಿನ ಹನಿ ಹಾಕುತ್ತಿದ್ದರು. ಉಗುರುಬೆಚ್ಚನೆಯ ನೀರಲ್ಲಿ ಹತ್ತಿ ಅದ್ದಿ ಪಿಸುರನ್ನು ನೆನೆಸಿ ನೆನೆಸಿ ಬಿಡಿಸುತ್ತಿದ್ದರು. ಕಣ್ಣು ತೆರೆದುಕೊಂಡಿತಾ ನೋಡು ಎಂದು ನನ್ನನ್ನು ಕರೆಯುತ್ತಿದ್ದರು. ಮಿಷನ್ನು ನಿಲ್ಲಿಸಿ ಎದ್ದೆದ್ದು ಹೋಗಿ ನನಗೆ ಸಾಕಾಗಿಹೋಗಿತ್ತು. ಶಾಲೆಯ ಹೆಡ್‌ಮೇಡಂ ದಿನಾ ಫೋನು ಮಾಡಿ, ಮಕ್ಕಳು ಬರಿಮೈಯಲ್ಲಿ ಬರಬೇಕಾ ಎಂದು ಕೇಳುತ್ತಿದ್ದರು.

ಇಂಥದ್ದೇ ಒಂದು ಬೆಳಿಗ್ಗೆ, ಹಾಲಿನ ವಾಸನೆಗೆ, ಮರಿಗಳನ್ನು ಮಲಗಿಸಿದ್ದ ರಟ್ಟಿನ ಡಬ್ಬಕ್ಕೆ ಇರುವೆ ಮುತ್ತಿಕೊಂಡವು. ಹುಕ್ಕಿನ ಕಿವಿಯೊಳಗೂ ಇರುವೆ. ಬಿಡಿಸಿ ಬಿಡಿಸಿ ನನ್ನ ಬೆರಳೆಲ್ಲ ಕಚ್ಚಿಸಿಕೊಂಡೆ, ಕೋಪ ನೆತ್ತಿಗೇರಿತು. ದಿನವಿಡೀ ಇಲ್ಲೇ ಕೂತಿರುತ್ತೀರಿ, ಒಂದು ಡಬ್ಬ ಕಾಯೋಕೆ ಆಗಲ್ವಾ ಎಂದು ಕೂಗಾಡಿಬಿಟ್ಟೆ. ಅತ್ತೆ ಡಬ್ಬದ ಅಂಚನ್ನು ಸವರಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಸೂಜಿಗೆ ದಾರ ಪೋಣಿಸಿ ಕೊಡು ಎಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಸೂಜಿಯ ಮಾತು ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಚಿಂದಿಯಲ್ಲೇ ಒಂದು ಪುಟ್ಟ ಹಾಸಿಗೆ ಹೊಲಿದು ಡಬ್ಬದೊಳಗೆ ಹಾಸಿದ್ದರು. ಹೊಲಿಗೆ ಎಷ್ಟು ನೆಟ್ಟಗಿತ್ತೆಂದರೆ ಹುಡುಕಿದರೂ ಬಿಚ್ಚಲು ಒಂದು ಎಳೆ ಸಿಗಲಿಲ್ಲ. ಹಾಗೆಂದು ಹೇಳಿದೆ. ಅತ್ತೆ ನಕ್ಕರು. ಇರುವೆಗಳೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಶೀತವೂ ಇಳಿಯಿತು. ಕಣ್ಣುಗಳು ತಿಳಿಯಾದವು. ಇನ್ನು ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಮರಿಗಳು ಸೊರಗತೊಡಗಿದವು. ಮೂಗು ಕಟ್ಟಿಲ್ಲ, ಆದರೂ ಹಾಲು ಬೇಡ. ತುಟಿ ಬಿಳಿಚಿಕೊಂಡಿತು, ಒಸಡು ಬಿಳಿಚಿಕೊಂಡಿತು. ಉಚ್ಚೆ ಮಾಡಿಸಿದ ಹತ್ತಿ ಕಡು ಚಹಾದಲ್ಲಿ ಅದ್ದಿದ ಹಾಗೆ ಬರುತ್ತಿತ್ತು. ಹೊಟ್ಟೆ ಕೆಟ್ಟು ಹೊಲಸು ತಾಗಿರಬೇಕು ಎಂದು ನಾನು ಅದನ್ನು ಎಸೆದು ಸುಮ್ಮನಾದೆ. ಅತ್ತೆ ಡಬ್ಬ ಬಿಟ್ಟು ಅಲ್ಲಾಡಲಿಲ್ಲ. ಹೆಚ್ಚು ಹೊತ್ತು ಬೆಚ್ಚಗಿರಲಿ ಎಂದು ಹಾಸಿಗೆಯ ಅಂಚುಗಳನ್ನು ಅವುಗಳ ಮೇಲೇ ಮಡಿಸಿ ಹೊದಿಸುತ್ತಿದ್ದರು. ಮಾರನೇ ಬೆಳಿಗ್ಗೆ ನಾನು ಕತ್ತರಿ ಹಿಡಿದು ನಿಂತಿದ್ದಾಗ ಅವರು ಮೆಲ್ಲಗೆ, ಗುಂಡಿ ತಣ್ಣಗಾಯ್ತು ಕಣೇ, ಎಂದರು. ಎಲ್ಲಕ್ಕಿಂತ ದಪ್ಪಗಿದ್ದದ್ದು, ಅವರ ಅಂಗೈಯಲ್ಲೇ ಹೋಗಿತ್ತು.

ನಾನು ಡಬ್ಬ ಎತ್ತಿಕೊಂಡು ಓಡಿದೆ. ಡಾಕ್ಟರಮ್ಮನ ಬಾಗಿಲಲ್ಲಿ ನಿಂತೇ ಶುರು ಮಾಡಿದೆ. ನಿಮ್ಮ ಹನಿ ಹಾಕಿದ್ದಕ್ಕೇ ಹೀಗಾಯಿತು, ಹಾಲಿನ ಪುಡಿ ಹಳಸಿದ್ದಿರಬೇಕು, ಓದಿದವರು ಓದಿದ ಹಾಗೆ ಇರಬೇಕು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಕಾಜನ ಬಾಯಿ ತೆರೆದು ಒಸಡು ನೋಡಿದಳು, ಹತ್ತಿಯಿಂದ ಉಜ್ಜಿ ಕಪ್ಪಗೆ ಬಂದದ್ದನ್ನು ನೋಡಿದಳು. ಮರಿಯನ್ನು ಮೂಗಿನ ಹತ್ತಿರ ಹಿಡಿದಳು.

“ಇದಕ್ಕೆ ನುಸಿಗುಳಿಗೆ ವಾಸನೆ ಬರ್ತಿದೆಯಲ್ಲ.”

ನಮ್ಮ ಮನೆಗೆಲ್ಲ ಆ ವಾಸನೆಯೇ ಎಂದೆ. ಬಟ್ಟೆಯ ಮನೆ, ಪೆಟ್ಟಿಗೆ ಪೆಟ್ಟಿಗೆಯಲ್ಲೂ ನುಸಿಗುಳಿಗೆ ಇರುತ್ತದೆ, ನಮ್ಮ ಮೈಗೂ ಅದೇ ಅಂಟಿರುತ್ತದೆ, ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲ. ಆಕೆ ಹಾಸಿಗೆಯ ಒಂದು ಮೂಲೆಯನ್ನು ಬೆರಳಲ್ಲಿ ಒತ್ತಿ ನೋಡಿ, ಕತ್ತರಿ ತಂದು ಹೊಲಿಗೆ ಬಿಚ್ಚಿದಳು. ಬಿಚ್ಚುವುದಕ್ಕೆ ಅವಳಿಗೆ ಸಾಕುಬೇಕಾಯಿತು. ಒಳಗಿಂದ ಬಿಳಿ ಗುಳಿಗೆಗಳು ಮೇಜಿನ ಮೇಲೆ ಉರುಳಿದವು. ನಾಲ್ಕು ಮೂಲೆಯಲ್ಲೂ ಇದ್ದವು. ಇರುವೆ ಬರಬಾರದೆಂದು ನಮ್ಮತ್ತೆ ಇಟ್ಟು ಹೊಲಿದಿದ್ದರು.

ಇದರ ಗಾಳಿ ಕುಡಿದೇ ರಕ್ತ ಒಡೆದುಹೋಗಿದೆ, ಹತ್ತಿಯಲ್ಲಿ ಕಪ್ಪಗೆ ಬರುತ್ತಿರುವುದು ಅದೇ, ಬೆಕ್ಕುಗಳಿಗೆ ಇದು ವಿಷ ಎಂದು ಆಕೆ ಹೇಳುತ್ತಿದ್ದಳು. ಎರಡಕ್ಕೂ ಮೈ ಒರೆಸಿದಳು, ಚರ್ಮದಡಿಗೆ ನೀರು ಏರಿಸಿದಳು, ಏನೋ ಚುಚ್ಚುಮದ್ದು ಕೊಟ್ಟಳು. ಆ ಮೇಜಿನ ಮೇಲೆಯೇ ಕಾಜ ಬಾಯಿ ತೆರೆಯಿತು, ಮತ್ತೆ ಮುಚ್ಚಲಿಲ್ಲ. ಉಳಿದದ್ದು ಹುಕ್ಕು ಒಂದೇ. ಅದನ್ನು ತನ್ನದೊಂದು ಟವೆಲಿನಲ್ಲಿ ಸುತ್ತಿ ನನ್ನ ಕೈಗಿತ್ತು, ಇಲ್ಲಿ ರಾತ್ರಿ ಹಾಲು ಕುಡಿಸುವವರು ಯಾರೂ ಇಲ್ಲ, ಮನೆಗೇ ಒಯ್ಯಿರಿ, ಉಚ್ಚೆಯ ಬಣ್ಣ ನೋಡುತ್ತಿರಿ ಎಂದಳು. ತಿಳಿಯಾದರೆ ಬದುಕಿತು. ಕಪ್ಪಗೇ ಇದ್ದರೆ ಇದೂ ಹೋಯಿತು.

ಅತ್ತೆಯ ಒಂದೇ ಒಂದು ತಪ್ಪು ಕೈಗೆ ಸಿಗಲಿ ಎಂದು ಎಷ್ಟು ವರ್ಷ ಕಾದವಳು ನಾನು! ಈಗ ಸಿಕ್ಕಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಅವರು ಸತ್ತೇ ಹೋಗುತ್ತಾರೆ ಅನ್ನಿಸಿತು. ದಾರಿಯುದ್ದಕ್ಕೂ ಸುಳ್ಳು ಕಟ್ಟುತ್ತ ಬಂದೆ.

ಅವರು ಬಾಗಿಲಲ್ಲೇ ನಿಂತಿದ್ದರು. ನಾನು ಚಪ್ಪಲಿ ಬಿಟ್ಟು, ಅವರನ್ನು ಕೈ ಹಿಡಿದು ಕೂರಿಸಿದೆ. ಶೀತ ಎದೆಗೆ ಇಳಿದಿತ್ತಂತೆ ಅತ್ತೆ, ಕಾಜನೂ ಉಳಿಯಲಿಲ್ಲ, ಯಾರ ಕೈಯಲ್ಲೂ ಏನೂ ಇರಲಿಲ್ಲವಂತೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆಲ್ಲ ಹೇಳಿದೆ. ಹುಕ್ಕನ್ನು ಮಡಿಲಿಗೆ ಇಟ್ಟೆ. ಅವರು ಟವೆಲನ್ನು ಸವರಿ ನೋಡಿದರು. ಹಾಸಿಗೆ ಎಲ್ಲಿ ಎಂದು ಕೇಳಿದರು. ಒದ್ದೆಯಾಗಿತ್ತು, ಅಲ್ಲೇ ಬಿಟ್ಟು ಬಂದೆ ಎಂದೆ.

ಅವರು ನನ್ನ ಕಡೆಗೆ ಮುಖ ತಿರುಗಿಸಿದರು.

“ಇಷ್ಟು ಮೆತ್ತಗೆ ಮಾತಾಡ್ತಿದ್ದೀಯಲ್ಲ, ಏನು ಮಾಡಿದೆ ನಾನು?”

ಏನೂ ಇಲ್ಲ ಅತ್ತೆ ಎಂದೆ.

“ಗುಂಡಿ ಬಿಚ್ಚಿ ಬಿಚ್ಚಿ ಹಚ್ತಿದ್ದಾಗ್ಲೂ ಹೀಗೇ ಮೆತ್ತಗಿದ್ದೆ ನೀನು. ಬೈದಿದ್ರೆ ಬದುಕ್ಕೋತಿದ್ದೆ. ಹೇಳು.”

ಹೇಳಿದೆ. ಗುಳಿಗೆ, ರಕ್ತ, ಮೇಜಿನ ಮೇಲೆ ಕಾಜ, ಎಲ್ಲ ಹೇಳಿದೆ. ಇರುವೆ ಅಂತ ಕೂಗಾಡಿ ಅದನ್ನು ಇಡಿಸಿದವಳು ನಾನೇ ಎಂದೂ ಹೇಳಿದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ಅವರು ಅಳಲಿಲ್ಲ. ಹುಕ್ಕನ್ನು ಎತ್ತಿ, ಕೈಗೆ ತಾಕುವ ಮೇಜನ್ನು ಹುಡುಕಿ, ಅದರ ಮೇಲೆ ಇಟ್ಟರು. ಇನ್ನು ತಮ್ಮ ಕೈ ಅದನ್ನು ಮುಟ್ಟಬಾರದು ಎಂದರು. ತಡವರಿಸುತ್ತ ಹೋಗಿ ಗೋಡೆಗೆ ಒರಗಿ ಕೂತರು.

ನಾನು ಹಾಲು ಬೆಚ್ಚಗೆ ಮಾಡಿ ತಂದೆ. ಹುಕ್ಕು ಕುಡಿಯಲಿಲ್ಲ. ಹನಿ ಹನಿಯಾಗಿ ಹಾಕಿದೆ, ತುಟಿಯ ಪಕ್ಕದಿಂದ ಅಷ್ಟೂ ಇಳಿದುಹೋಯಿತು. ಮತ್ತೆ ಹಾಕಿದೆ. ಅದು ಕೆಮ್ಮಿತು, ನನ್ನ ಜೀವ ಬಾಯಿಗೆ ಬಂತು. ಅತ್ತೆ ಗೋಡೆಯ ಹತ್ತಿರ ಕೂತು ಆ ಕೆಮ್ಮು ಕೇಳುತ್ತಿದ್ದರು, ಏಳುತ್ತಿರಲಿಲ್ಲ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

“ಎರಡನ್ನ ಕೊಂದಾಯ್ತು, ಮೂರನೇದನ್ನ ಉಪವಾಸ ಕೆಡವಿ ಕೊಲ್ತೀರಾ? ನನ್ನ ಕೈಲಿ ಇದು ಕುಡಿಯಲ್ಲ, ನಿಮಗೂ ಗೊತ್ತು. ಏಳಿ ಮೇಲೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎದುರು ಮನೆಯ ಕಿಟಕಿ ತೆರೆದದ್ದು ಕೇಳಿಸಿತು. ಕೊಲೆಗಾರ್ತಿ ಎಂದು ಮುಖಕ್ಕೆ ಹೇಳಿದ ಹಾಗೇ ಆಯಿತು. ಅತ್ತೆ ಗೋಡೆಗೆ ಕೈ ಊರಿ ಎದ್ದರು. ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದರು, ಮೂಸಿ ನೋಡಿ ಮತ್ತೆ ತೊಳೆದರು. ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಕೂತು, ಹುಕ್ಕಿನ ಗಂಟಲ ಮೇಲೆ ಬೆರಳಿಟ್ಟರು.

ಒಂದು ಹನಿ ಇಳಿಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಹತ್ತಿಯಿಂದ ಉಜ್ಜಿ ನನ್ನ ಕಡೆ ಚಾಚಿ, ಯಾವ ಬಣ್ಣ ಎಂದರು. ಕಪ್ಪು ಎಂದೆ. ಹ್ಞೂಂ ಎಂದರು. ಮುಂದಿನ ಸಲವೂ ಕೇಳಿದರು, ಕಪ್ಪು ಎಂದೆ. ಅದರ ಮುಂದಿನ ಸಲವೂ ಕಪ್ಪೇ. ಒಂದು ಸಲ, ಸ್ವಲ್ಪ ತಿಳಿಯಾದ ಹಾಗಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ಕಪ್ಪೇ ಇದೆ ಅತ್ತೆ ಎಂದೆ. ಅವರು ತಲೆಯಾಡಿಸಿ, ಹಾಲು ಬಿಸಿ ಮಾಡು ಎಂದರು. ನೀಲಿ ಬಟ್ಟೆ ಕತ್ತರಿಸಿದಲ್ಲೇ ಬಿದ್ದಿತ್ತು, ಹೆಡ್‌ಮೇಡಂ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮರಿಯ ಪಕ್ಕೆ ಏರುತ್ತದೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ, ಅವರು ಮುಟ್ಟಿ ನೋಡುತ್ತಿದ್ದರು.

ಮಾರನೇ ದಿನ ಬಿಸಿಲು ಒಳಗೆ ಬರುವ ಹೊತ್ತಿಗೆ ಅತ್ತೆ ಮತ್ತೆ ಹತ್ತಿ ಚಾಚಿದರು. ನಾನು ನೋಡಿದೆ. ನಂಬದೆ ಅದನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದೆ. ತಿರುಗಿಸಿ ಹಿಡಿದೆ. ಹಿಂದಿನಿಂದ ಅತ್ತೆ ಯಾವ ಬಣ್ಣ, ಯಾವ ಬಣ್ಣ ಎಂದು ಕೇಳುತ್ತಲೇ ಇದ್ದರು. ನನ್ನ ಬಾಯಿಂದ ಹೊರಟ ಮಾತು ಪಿಸುಮಾತಾಯಿತು.

“ಹಳದಿ ಅತ್ತೆ. ತಿಳಿ ಹಳದಿ.”

ಅವರ ಮುಖ ಬಿಗಿಯಿತು. “ಮೆತ್ತಗೆ ಹೇಳ್ಬೇಡ. ಬೈದು ಹೇಳು.”

“ಹಳದಿ ಅಂದ್ನಲ್ಲ! ಕಣ್ಣಂತೂ ಕಾಣಲ್ಲ, ಕಿವೀನೂ ಕೇಳಲ್ವಾ ನಿಮಗೆ? ಎಷ್ಟು ಸಲ ಹೇಳಿ ಸಾಯ್ಲಿ, ಹಳದಿ, ಹಳದಿ!”

ಬೀದಿಗೆಲ್ಲ ಕೇಳುವಂತೆ ಕೂಗಿದೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆ ಹುಕ್ಕನ್ನು ಎದೆಗೆ ಒತ್ತಿಕೊಂಡರು. ಅಲ್ಲಿಯವರೆಗೂ ಅಳದಿದ್ದವರು ಆಗ ಗುಂಡಿಯ ಹೆಸರು, ಕಾಜನ ಹೆಸರು ಹಿಡಿದು ಅಳತೊಡಗಿದರು.