ಮುಂಬೈಯವರು ಬಂದಾಗ ಮ್ಯಾಚ್

ಕಲ್ಲಯ್ಯನದು ಮಿರಜಿನ ಪೇಟೆಯಲ್ಲಿ ಬೆಲ್ಲದ ಅಂಗಡಿ. ಅವನ ಮಟ್ಟಿಗೆ ಫುಟ್‌ಬಾಲ್ ಎಂದರೆ ಅಣ್ಣನ ಮಗಳು ರೂಪಾಲಿ ಮೊಣಕೈ ತರಚಿಕೊಂಡು ತಡವಾಗಿ ಮನೆಗೆ ಬರುವುದಕ್ಕೊಂದು ಕಾರಣ, ಅಷ್ಟೇ. ಆ ದಿನ ಸಾಂಗಲಿಯ ಮೈದಾನಕ್ಕೆ ಹೋದದ್ದೂ ಆಟ ನೋಡಲಿಕ್ಕಲ್ಲ. ಜಿಲ್ಲಾ ತಂಡದ ಹುಡುಗಿಯರಿಗೆ ಗೊತ್ತು ಮಾಡಿದ್ದ ಗಾಡಿ ಕೈಕೊಟ್ಟಿತ್ತು. ಅಂಗಡಿಯ ಟೆಂಪೊ ಖಾಲಿ ಇತ್ತು.

ಪಂದ್ಯ ಮುಂಬೈ ತಂಡದ ಜೊತೆ. ರಾಜ್ಯ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರೂ ಬರುವವರಿದ್ದರು. ಬೆಳಗ್ಗೆ ಶುರುವಾಗಬೇಕಿದ್ದ ಆಟ, ಮುಂಬೈಯವರು ಇನ್ನೂ ಹೋಟೆಲು ಬಿಟ್ಟಿಲ್ಲವೆಂದು ಮುಂದೆ ಹೋಯಿತು. ಬಿಸಿಲೇರಿತು. ಹುಡುಗಿಯರು ಬೂಟು ಕಟ್ಟಿಕೊಂಡು, ಗೋಡೆಯ ನೆರಳು ಸರಿದಂತೆ ತಾವೂ ಸರಿದು ಕುಳಿತರು.

"ಎಷ್ಟೊತ್ತು ಕಾಯ್ತೀರಿ? ಅವರು ಬರಲಿಲ್ಲಂದ್ರ ನೀವ ಗೆದ್ದಂಗ ಅಲ್ಲೇನು?" ಎಂದ ಕಲ್ಲಯ್ಯ.

ರೂಪಾಲಿ ನಕ್ಕಳು. "ನಾವು ತಡಾ ಮಾಡಿದ್ರ ಹಂಗ, ಕಾಕಾ. ಮುಂಬೈಯವ್ರು ಯಾವಾಗ ಬರ್ತಾರ, ಆವಾಗ ಮ್ಯಾಚ್."

ಕೊನೆಗೆ ಎಸಿ ಬಸ್ಸು ಬಂತು. ಆರಿಸುವವರೂ ಅದರಿಂದಲೇ ಇಳಿದರು. ತಂಡದ ತರಬೇತುದಾರ ಬಾಪೂಸಾಹೇಬರು ರೂಪಾಲಿಯನ್ನೂ ವೃಷಾಲಿಯನ್ನೂ ಪಕ್ಕಕ್ಕೆ ಕರೆದು, ಮೈದಾನದಲ್ಲಿ ಕನ್ನಡ ಬೇಡ, ಆರಿಸುವವರು ನಿಮ್ಮನ್ನು ಹೊರಗಿನವರೆಂದುಕೊಂಡಾರು ಎಂದು ಮರಾಠಿಯಲ್ಲಿ ಎಚ್ಚರಿಸಿದರು. ವೃಷಾಲಿ ಬೇಡಗ ಹಳ್ಳಿಯ ಜೈನ ಒಕ್ಕಲು ಮನೆಯ ಹುಡುಗಿ. ಗೋಲಿನ ಮುಂದೆ ಕಾಯುವವಳು. ಗೋಲಿನಲ್ಲಿ ನಿಲ್ಲುವವಳು ರೂಪಾಲಿ.

ಆಟ ಶುರುವಾದದ್ದೇ ತಡ, ಚೆಂಡು ಸಾಂಗಲಿಯ ಕಡೆಗೇ ಬೀಡುಬಿಟ್ಟಿತು. ಮುಂಬೈಯ ಹುಡುಗಿಯರು ನೀರು ಹರಿದಂತೆ ಬರುತ್ತಿದ್ದರು. ಇನ್ನು ಗೋಲು ಖಂಡಿತ ಎಂದು ಕಲ್ಲಯ್ಯ ಮುಖ ತಿರುಗಿಸಬೇಕು, ಅಷ್ಟರಲ್ಲಿ ರೂಪಾಲಿಯ ದನಿ ಕೇಳಿತು.

"ವೃಷಾಲಿ, ಎಡಕ್ಕ! ಎಡಕ್ಕ ಬಾ! ಬಿಡಬ್ಯಾಡ ಆಕೀನ್ನ!"

ಮರಾಠಿ ಅವಳಿಗೆ ಮರೆತೇಹೋಗಿತ್ತು. ವೃಷಾಲಿ ಎಡಕ್ಕೆ ಧುಮುಕಿ ಚೆಂಡನ್ನು ಹೊರಗಟ್ಟಿದಳು. ಬಾಪೂಸಾಹೇಬರು ಬೈಯಲು ಬಾಯಿ ತೆರೆದವರು, ಹೊರಹೋದ ಚೆಂಡನ್ನು ಕಂಡು ತಲೆಯಾಡಿಸಿದರು. ಮನೆಯಲ್ಲಿ ಕರೆದರೂ 'ಹೂಂ' ಎನ್ನದ ರೂಪಾಲಿ ಇಲ್ಲಿ ಇಡೀ ತಂಡವನ್ನು ದನಿಯಿಂದಲೇ ನಡೆಸುತ್ತಿದ್ದಳು.

ಆಟ ಮುಗಿಯುತ್ತ ಬಂದಾಗ ಮುಂಬೈಗೆ ಪೆನಾಲ್ಟಿ ಸಿಕ್ಕಿತು. ಅವರ ನಾಯಕಿ ಓಡಿಬಂದು ಒದ್ದಳು. ರೂಪಾಲಿ ಬಲಕ್ಕೆ ಹಾರಿದಳು; ಚೆಂಡು ಅಂಗೈಗೆ ಬಡಿದು ಮತ್ತೆ ಅದೇ ನಾಯಕಿಯ ಕಾಲಿಗೇ ಹೋಯಿತು. ರೂಪಾಲಿ ಇನ್ನೂ ನೆಲದ ಮೇಲಿದ್ದಳು. ನಾಯಕಿ ಎಡಗಡೆಯ ಖಾಲಿ ಜಾಗಕ್ಕೆ ಒದ್ದಳು. ಆಗ ಕಲ್ಲಯ್ಯ ನೋಡಿದ್ದು ಏಳುವುದೂ ಅಲ್ಲ, ಜಿಗಿಯುವುದೂ ಅಲ್ಲ. ಮಲಗಿದ್ದ ಮೈ ಮಣ್ಣು ಬಿಟ್ಟು ಅಡ್ಡಲಾಗಿ ಗಾಳಿಯಲ್ಲಿ ಹೋಯಿತು. ಮರುಕ್ಷಣ ಚೆಂಡು ಅವಳ ಎದೆಯಲ್ಲಿತ್ತು.

ಮೊದಲು ಚಪ್ಪಾಳೆ ತಟ್ಟಿದವಳು ಆ ನಾಯಕಿಯೇ.

ಪಂದ್ಯ ಸಮ ಆಯಿತು. ಆರಿಸುವವರಲ್ಲೊಬ್ಬರು ಬಂದು, "ನೀನು ಕರ್ನಾಟಕದವಳೇ?" ಎಂದು ಮರಾಠಿಯಲ್ಲಿ ಕೇಳಿದರು.

"ಮಿರಜಿನವಳು," ಎಂದಳು ರೂಪಾಲಿ, ಅವರಿಗಿಂತ ಚೊಕ್ಕ ಮರಾಠಿಯಲ್ಲಿ.

ಸಂಜೆ ಹೆಸರು ಓದಿದರು. ಹೆಚ್ಚಿನವರೆಲ್ಲ ಮುಂಬೈಯವರು. ಮೊದಲ ಗೋಲ್‌ಕೀಪರ್ ಕೂಡ ಅವರದೇ ಹುಡುಗಿ. ಆ ದಿನ ಅವಳ ಬಳಿ ಚೆಂಡು ಸುಳಿದದ್ದೇ ಅಪರೂಪ. ರೂಪಾಲಿ ಎರಡನೆಯವಳು. ವೃಷಾಲಿಯ ಹೆಸರೇ ಇರಲಿಲ್ಲ.

ಟೆಂಪೊದಲ್ಲಿ ವೃಷಾಲಿ ಗೆಳತಿಯ ಹೆಗಲಿಗೆ ತಲೆಯಾನಿಸಿ, "ನೀ ಹೋಗು. ಬಾಗಲಾ ತಗದಿದ್ದಾರಲ್ಲ, ಹೊಕ್ಕೊಂಡ್ಬಿಡು," ಎಂದಳು. ರೂಪಾಲಿ ಅವಳ ಕೈ ಹಿಡಿದು ಕುಳಿತಳು. ಹೋಗುತ್ತೇನೆ ಎಂದಳು.

ಮನೆಯಲ್ಲಿ ಕಲ್ಲಯ್ಯನ ತಾಯಿ ನೀಲಗಂಗವ್ವ ಕೇಳಿದಳು: "ಹೆಂಗ ಆಡಿದಳೋ ನಮ್ಮ ಹುಡುಗಿ?"

ಕಲ್ಲಯ್ಯ ಚಪ್ಪಲಿ ಬಿಟ್ಟು ಪಡಸಾಲೆಯ ನಡುವೆ ನಿಂತ. ಎರಡೂ ಕೈ ಚಾಚಿ ಎಡಕ್ಕೆ ವಾಲಿದ, ಬೀಳುವಷ್ಟು ವಾಲಿದ.

"ಹಿಂಗ, ಅವ್ವಾ," ಎಂದ. "ಹಿಂಗಲ್ಲ... ಇದಕ್ಕಿಂತ ಭಾಳ ದೂರ."